ಮೂರನೇ ದಿನಕ್ಕೇ ಮುರಿಯದ ವೇಳಾಪಟ್ಟಿ ಹಾಕುವುದು ಹೇಗೆ?

ಬೆಳಗ್ಗೆ ಐದರಿಂದ ರಾತ್ರಿ ಹತ್ತರವರೆಗೆ ಒಂದು ಚೌಕವೂ ಖಾಲಿ ಬಿಡದೆ ಬಣ್ಣ ತುಂಬಿ ಗೋಡೆಗೆ ಅಂಟಿಸಿದ ವೇಳಾಪಟ್ಟಿ ಮೂರ್ನಾಲ್ಕು ದಿನ ಬಾಳಿದರೆ ಹೆಚ್ಚು. ಆಮೇಲೆ ಅದನ್ನು ನೋಡಿದಾಗಲೆಲ್ಲ ಮನಸ್ಸು ಚುಚ್ಚುತ್ತದೆ, ‘ನಾನೇ ಸೋಮಾರಿ’ ಎಂದು ವಿದ್ಯಾರ್ಥಿ ತೀರ್ಮಾನಿಸಿಬಿಡುತ್ತಾನೆ. ಬಹುಪಾಲು ಸಲ ಕೆಟ್ಟಿರುವುದು ಲೆಕ್ಕ. ಇರುವ ಗಂಟೆಗಳನ್ನು ಎಣಿಸದೆ, ಕೆಲಸಕ್ಕೆ ಹಿಡಿಯುವ ಹೊತ್ತನ್ನು ಅಳೆಯದೆ ಹಾಕಿದ ಪಟ್ಟಿ ಅದು. ಹಾಗಾಗಿ ಮೊದಲ ವಾರ ಪಟ್ಟಿ ಹಾಕಲೇಬೇಡಿ, ಬರೀ ಅಳೆಯಿರಿ.

ಒಂದು ಸಣ್ಣ ನೋಟ್‌ಬುಕ್ ಜೊತೆಗಿರಲಿ. ಕೆಲಸ ಬದಲಾದಾಗಲೆಲ್ಲ ಗಂಟೆ ನೋಡಿ ಒಂದು ಸಾಲು ಬರೆಯಿರಿ: 6.10 – ಓದು, 6.50 – ಫೋನ್, 7.25 – ಸ್ನಾನ. ರಾತ್ರಿ ಮಲಗುವಾಗ ನೆನಪಿನಿಂದ ಬರೆಯುತ್ತೇನೆ ಎಂದರೆ ಆಗದು. ಫೋನಿನ ಮೂವತ್ತೈದು ನಿಮಿಷ ನೆನಪಿನಲ್ಲಿ ಹತ್ತಕ್ಕೆ ಇಳಿದಿರುತ್ತದೆ.

ಏಳು ದಿನ ಕಳೆದ ಮೇಲೆ ಕೂಡಿ ಕಳೆಯಿರಿ. ವಾರಕ್ಕೆ ಇರುವುದು 168 ಗಂಟೆ. ದಿನಕ್ಕೆ ಎಂಟರಂತೆ ನಿದ್ದೆಗೆ 56, ತರಗತಿಗೆ 36, ಓಡಾಟಕ್ಕೆ 9, ಊಟ, ಸ್ನಾನ, ಮನೆಗೆಲಸಗಳಿಗೆ 21 ಎಂದಿಟ್ಟುಕೊಂಡರೆ ಉಳಿಯುವುದು 46. ಇದರಲ್ಲಿ ಹತ್ತು-ಹದಿನೈದು ನಿಮಿಷದ ಚೂರುಗಳೂ ಇವೆ, ಸುಸ್ತಾಗಿ ಕಣ್ಣು ಮುಚ್ಚಿಹೋಗುವ ಹೊತ್ತೂ ಇದೆ, ಆಟ-ಹರಟೆಗೂ ಪಾಲು ಬೇಕು. ಕೂತು ಓದಲು ನಿಜಕ್ಕೂ ಸಿಗುವುದು 25 ಗಂಟೆಯ ಆಸುಪಾಸು. ನಿಮ್ಮ ಅಂಕಿ ಬೇರೆ ಇರಬಹುದು, ಆದರೆ ಅದು ಅಳೆದ ಅಂಕಿಯಾಗಿರಬೇಕು. ನಿದ್ದೆಯಿಂದ ಕದ್ದು ಅದನ್ನು ಹಿಗ್ಗಿಸಲು ಹೋಗಬೇಡಿ. 13ರಿಂದ 18 ವರ್ಷದವರಿಗೆ ವೈದ್ಯರು ಹೇಳುವುದು 8ರಿಂದ 10 ಗಂಟೆಯ ನಿದ್ದೆ. ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದಕ್ಕೂ ಆ ನಿದ್ದೆ ಬೇಕು.

ಅಂದಾಜು ಯಾಕೆ ತಪ್ಪುತ್ತದೆ

1994ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಪದವಿಯ ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳನ್ನು ಎಷ್ಟು ದಿನ ಬೇಕು ಎಂದು ಕೇಳಿದರು. ಸರಾಸರಿ ಉತ್ತರ ಸುಮಾರು 34 ದಿನ. ಎಲ್ಲವೂ ಕೆಟ್ಟುಹೋದರೆ? ಸುಮಾರು 49 ದಿನ. ನಿಜವಾಗಿ ಹಿಡಿದದ್ದು ಸುಮಾರು 55! ಕೆಟ್ಟದ್ದನ್ನೇ ಊಹಿಸಿ ಹೇಳಿದ ಲೆಕ್ಕವೂ ಸಾಲಲಿಲ್ಲ. ಅಂದಾಜು ಮಾಡುವಾಗ ನಮ್ಮ ಕಣ್ಣೆದುರು ಇರುವುದು ಸಲೀಸಾಗಿ ಸಾಗುವ ಕೆಲಸ. ಕಳೆದ ಸಲ ಅದೇ ಕೆಲಸ ಎಲ್ಲಿ ಸಿಕ್ಕಿಹಾಕಿಕೊಂಡಿತ್ತು ಎಂಬುದು ನೆನಪಿಗೆ ಬರುವುದಿಲ್ಲ.

ಇದಕ್ಕೆ ಮದ್ದು ಗಡಿಯಾರ. ಪ್ರತಿ ವಿಷಯದಲ್ಲೂ ಒಂದು ಸಣ್ಣ ತುಂಡನ್ನು ಅಳೆಯಿರಿ. ಜೀವಶಾಸ್ತ್ರದ ನಾಲ್ಕು ಪುಟ ಓದಿ ನೋಟ್ಸ್ ಮಾಡಲು 40 ನಿಮಿಷ ಹಿಡಿದರೆ ಪುಟಕ್ಕೆ ಹತ್ತು ನಿಮಿಷ. 24 ಪುಟದ ಪಾಠಕ್ಕೆ ನಾಲ್ಕು ಗಂಟೆ. ‘ಒಂದು ಸಂಜೆಯಲ್ಲಿ ಮುಗಿಸುತ್ತೇನೆ’ ಎಂದುಕೊಂಡಿದ್ದ ಪಾಠ ಇದೇ ಆಗಿರುತ್ತದೆ. ಹೀಗೆ ಅಳೆದ ಕೆಲಸಕ್ಕೆ ಕಾಲು ಭಾಗ ಸೇರಿಸಿ, ಎಂದೂ ಅಳೆಯದ ಕೆಲಸಕ್ಕೆ ಅಂದಾಜಿನ ಒಂದೂವರೆ ಪಟ್ಟು ಹಿಡಿಯಿರಿ.

ಪಟ್ಟಿಯಲ್ಲಿ ವಿಷಯದ ಹೆಸರು ಮಾತ್ರ ಬರೆದರೆ ಕೆಲಸ ನಡೆಯದು. ‘ಗಣಿತ, 5ರಿಂದ 7’ ಎಂದು ಬರೆದರೆ ಕೂತ ಮೇಲೆ ಎಲ್ಲಿಂದ ಶುರು ಮಾಡುವುದು ಎಂದು ಯೋಚಿಸುವುದರಲ್ಲೇ ಇಪ್ಪತ್ತು ನಿಮಿಷ ಹೋಗುತ್ತದೆ. ‘ತ್ರಿಕೋನಮಿತಿ, ಮೂರನೇ ಅಭ್ಯಾಸ, 8 ಲೆಕ್ಕ, ಉದಾಹರಣೆ ನೋಡದೆ’ ಎಂದು ಬರೆಯಿರಿ. ಮುಗಿಯಿತೋ ಇಲ್ಲವೋ ಎಂಬುದಕ್ಕೆ ಆಗ ಹೌದು-ಇಲ್ಲ ಎಂಬ ಉತ್ತರ ಸಿಗುತ್ತದೆ.

ಖಾಲಿ ಗಂಟೆಗಳು

25 ಗಂಟೆ ಇದ್ದರೆ 19ಕ್ಕೆ ಮಾತ್ರ ಕೆಲಸ ತುಂಬಿ. ಉಳಿದ ಆರನ್ನು ಎರಡೆರಡು ಗಂಟೆಯ ಮೂರು ಚೌಕಗಳಾಗಿ ವಾರದ ನಡುವೆ ಒಂದು, ಕೊನೆಯಲ್ಲಿ ಎರಡು ಇಡಿ. ಜ್ವರ, ಅತಿಥಿಗಳು, ದಿಢೀರನೆ ಬಂದ ಟೆಸ್ಟ್, ಎಲ್ಲವನ್ನೂ ಈ ಚೌಕಗಳು ನುಂಗಬೇಕು. ಹೊಸ ಪಾಠಕ್ಕೆ ಇಲ್ಲಿ ಪ್ರವೇಶವಿಲ್ಲ. ಬಾಕಿ ಏನೂ ಇಲ್ಲದಿದ್ದರೆ ಆ ಎರಡು ಗಂಟೆ ನಿಮ್ಮ ಆಟಕ್ಕೆ, ಮನಸ್ಸಿಗೆ ಅಳುಕಿಲ್ಲದೆ. ಇಡೀ ವ್ಯವಸ್ಥೆಯಲ್ಲಿ ಒಂದನ್ನೇ ಉಳಿಸಿಕೊಳ್ಳಿ ಎಂದರೆ ನಾವು ಹೇಳುವುದು ಇದನ್ನೇ. ಆದರೂ ಪರೀಕ್ಷೆ ಹತ್ತಿರ ಬಂದಾಗ ಎಲ್ಲರೂ ಮೊದಲು ಅಳಿಸಿಹಾಕುವುದೂ ಇದನ್ನೇ.

ಕಷ್ಟದ ವಿಷಯವನ್ನು ನಿಮ್ಮ ತಲೆ ಚುರುಕಾಗಿರುವ ಹೊತ್ತಿಗೆ ಇಡಿ, ಚಿತ್ರ ಬಿಡಿಸುವುದು, ಶುದ್ಧಪ್ರತಿ ಬರೆಯುವುದು ಸುಸ್ತಿನ ಹೊತ್ತಿಗಿರಲಿ. ಆ ಚುರುಕಿನ ಹೊತ್ತು ಬೆಳಗಿನ ಜಾವವೇ ಆಗಬೇಕೆಂದಿಲ್ಲ. ಹದಿಹರೆಯದಲ್ಲಿ ದೇಹದ ಗಡಿಯಾರವೇ ತುಸು ತಡವಾಗಿ ಓಡುತ್ತದೆ.

ಕೂತಾಗ

25 ನಿಮಿಷ ಕೆಲಸ, 5 ನಿಮಿಷ ಬಿಡುವು, ನಾಲ್ಕು ಸುತ್ತಾದ ಮೇಲೆ ದೊಡ್ಡ ಬಿಡುವು: 1980ರ ದಶಕದ ಕೊನೆಯಲ್ಲಿ ಇಟಲಿಯ ಫ್ರಾನ್ಸೆಸ್ಕೊ ಚಿರಿಲ್ಲೊ ರೂಪಿಸಿದ ಪೊಮೊಡೊರೊ ಪದ್ಧತಿ ಇದು. ಟೊಮ್ಯಾಟೊ ಆಕಾರದ ಅಡುಗೆಮನೆಯ ಟೈಮರ್ ಬಳಸುತ್ತಿದ್ದುದರಿಂದ ಆ ಹೆಸರು. ಓದಲು ಬೇಸರವಾಗುವ ವಿಷಯಕ್ಕೆ ಇದು ಒಳ್ಳೆಯದು, ಏಕೆಂದರೆ 25 ನಿಮಿಷಕ್ಕೆ ಯಾರೂ ಹೆದರುವುದಿಲ್ಲ. ಉದ್ದದ ಲೆಕ್ಕ, ಪ್ರಮೇಯ, ಪ್ರಬಂಧಗಳಿಗೆ ಮಾತ್ರ ಇದು ಗಿಡ್ಡ. ಎಳೆ ಸಿಗುವಷ್ಟರಲ್ಲಿ ಗಂಟೆ ಬಾರಿಸುತ್ತದೆ. ಅವಕ್ಕೆ 50 ನಿಮಿಷ ಕೆಲಸ, 10 ನಿಮಿಷ ಬಿಡುವು ಇಡಿ.

ಟೈಮರ್ ಫೋನಿನಲ್ಲಿ ಬೇಡ. ಸಮಯ ನೋಡಲು ಎತ್ತಿಕೊಂಡ ಫೋನ್ ಸಮಯ ತೋರಿಸಿ ಸುಮ್ಮನಾಗುವುದಿಲ್ಲ. ಅದು ಬೇರೆ ಕೋಣೆಯಲ್ಲಿರಲಿ, ಬಿಡುವಿನಲ್ಲೂ ಅಲ್ಲೇ ಇರಲಿ. ಬಿಡುವೆಂದರೆ ಎದ್ದು ನಡೆಯುವುದು, ನೀರು ಕುಡಿಯುವುದು. ನಡುವೆ ‘ಅವನಿಗೆ ಮೆಸೇಜ್ ಮಾಡಬೇಕಿತ್ತು’ ಎಂಬಂಥದ್ದು ನೆನಪಾದರೆ ಪಕ್ಕದ ಚೀಟಿಯಲ್ಲಿ ಬರೆದಿಟ್ಟು ಮುಂದುವರಿಯಿರಿ.

ಪುನರಾವರ್ತನೆಗೆ ಮೊದಲೇ ಜಾಗ

ಪಾಠ ಮೊದಲ ಸಲ ಓದುವ ದಿನವೇ ಎರಡನೇ ಸಲದ ದಿನಾಂಕ ಬರೆದಿಡಿ, ಇಲ್ಲದಿದ್ದರೆ ಹೊಸ ಪಾಠಗಳು ಆ ಜಾಗವನ್ನು ತಿಂದುಹಾಕುತ್ತವೆ. ಎಷ್ಟು ಅಂತರ ಬಿಡಬೇಕೆಂಬುದು ಪರೀಕ್ಷೆ ಎಷ್ಟು ದೂರವಿದೆ ಎಂಬುದರ ಮೇಲೆ ನಿಂತಿದೆ. 2008ರ ಒಂದು ಪ್ರಯೋಗದಲ್ಲಿ, ಎರಡನೇ ಓದಿನ ಒಂದು ವಾರದ ಮೇಲೆ ಪರೀಕ್ಷೆ ಇದ್ದಾಗ ಎರಡು ಓದುಗಳ ನಡುವೆ ಒಂದು ದಿನದ ಅಂತರ ಹೆಚ್ಚು ಫಲ ಕೊಟ್ಟಿತು. ಪರೀಕ್ಷೆ ಐದು ವಾರ ದೂರವಿದ್ದಾಗ ಸುಮಾರು 11 ದಿನದ ಅಂತರ. ಎರಡನೇ ಸಲ ಪುಸ್ತಕ ತೆರೆದು ಓದಬೇಡಿ. ಮುಚ್ಚಿಟ್ಟು ಬಿಳಿ ಹಾಳೆಯಲ್ಲಿ ನೆನಪಿದ್ದಷ್ಟು ಬರೆದು, ಬಿಟ್ಟುಹೋದದ್ದನ್ನು ಮಾತ್ರ ತೆರೆದು ನೋಡಿ. ಮತ್ತೆ ಮತ್ತೆ ಓದಿದಾಗ ‘ಎಲ್ಲ ಗೊತ್ತಿದೆ’ ಅನ್ನಿಸುತ್ತದೆ, ಒಂದು ವಾರದ ನಂತರ ಉಳಿದಿರುವುದು ಮಾತ್ರ ಕಡಿಮೆ.

ಅಸೈನ್‌ಮೆಂಟ್ ಕೈಗೆ ಬಂದ ದಿನವೇ 15 ನಿಮಿಷ ಕೂತು ಪ್ರಶ್ನೆ ಓದಿ, ಏನೇನು ಬೇಕು ಎಂದು ಬರೆದಿಡಿ. ಗ್ರಂಥಾಲಯದ ಪುಸ್ತಕ ಇನ್ನೊಬ್ಬರ ಬಳಿಯಿದೆ, ಉಪಕರಣ ಸಿಗುತ್ತಿಲ್ಲ ಎಂಬುದು ಕೊನೆಯ ರಾತ್ರಿ ಗೊತ್ತಾದರೆ ಪ್ರಯೋಜನವಿಲ್ಲ.

ಒಂದು ದಿನ ತಪ್ಪಿದರೆ

ತಪ್ಪಿದ್ದನ್ನು ಮರುದಿನದ ಮೇಲೆ ಹೇರಬೇಡಿ, ಮರುದಿನವೂ ಮುರಿಯುತ್ತದೆ. ಬಾಕಿಯೆಲ್ಲ ಖಾಲಿ ಚೌಕಕ್ಕೆ ಹೋಗಲಿ. ಅಲ್ಲೂ ಹಿಡಿಸದಿದ್ದರೆ ಗಂಟೆಗೆ ಕಡಿಮೆ ಅಂಕ ತರುವ ಕೆಲಸವನ್ನು ಆ ವಾರಕ್ಕೆ ಬಿಟ್ಟುಬಿಡಿ.

ವಾರಕ್ಕೊಮ್ಮೆ ಇಪ್ಪತ್ತು ನಿಮಿಷ ಕೂತು ಪ್ರತಿ ಕೆಲಸದ ಎದುರು ಅಂದುಕೊಂಡ ನಿಮಿಷ, ಹಿಡಿದ ನಿಮಿಷ ಎರಡನ್ನೂ ಬರೆದು, ಪುಟಕ್ಕಿಷ್ಟು ಎಂಬ ಅಂಕಿಯನ್ನು ತಿದ್ದಿ. ಒಂದೇ ಚೌಕ ಸತತ ಮೂರು ವಾರ ಕೈಕೊಟ್ಟಿದ್ದರೆ ವಿಷಯವನ್ನು ಹಾಗೇ ಇಟ್ಟು ಹೊತ್ತನ್ನು ಬದಲಿಸಿ. ಹೊಸ ಹೊತ್ತಿನಲ್ಲೂ ಅದು ನಿಲ್ಲದಿದ್ದರೆ ಆ ಕೆಲಸದ ತುಂಡು ದೊಡ್ಡದಾಗಿದೆ ಎಂದರ್ಥ, ಎಂಟು ಲೆಕ್ಕವನ್ನು ನಾಲ್ಕಕ್ಕೆ ಇಳಿಸಿ ಮತ್ತೆ ಅಳೆಯಿರಿ.