ಸ್ಕೂಬಾ ಕಲಿಯುವ ಮೊದಲು ನಾನು ಕೇಳಿದ ಪ್ರಶ್ನೆಗಳು

ಬೆನ್ನಿಗೆ ಕಟ್ಟಿದ ಸಿಲಿಂಡರಿನ ಗಾಳಿ ಉಸಿರಾಡುತ್ತಾ ನೀರಿನಡಿ ಈಜುವ ಸ್ಕೂಬಾ ಕಲಿಯಬೇಕು ಅಂತ ಹುಡುಕಲು ಕೂತರೆ ಮೊದಲು ಸಿಗುವುದು ಪ್ರಮಾಣಪತ್ರ ಕೊಡುವ ಸಂಸ್ಥೆಗಳ ಹೆಸರು. 1960ರಲ್ಲಿ ಹುಟ್ಟಿದ ನೌಯಿ, 1966ರ ಪ್ಯಾಡಿ, 1970ರ ಎಸ್‌ಎಸ್‌ಐ, ಇನ್ನೂ ಹಲವು. ಯಾವುದು ಒಳ್ಳೆಯದು ಅನ್ನುವ ವಾದಕ್ಕೆ ಕೊನೆಯೇ ಇಲ್ಲ. ಆದರೆ ಸ್ವತಂತ್ರವಾಗಿ ಮುಳುಗುವ ಹೊಸಬನಿಗೆ ಏನೇನು ಬರಬೇಕು ಅನ್ನುವುದಕ್ಕೆ ಐಎಸ್‌ಒ 24801-2 ಅಂತ ಒಂದು ಅಂತರರಾಷ್ಟ್ರೀಯ ಮಾನದಂಡವಿದೆ. ಈ ಮೂರೂ ಸಂಸ್ಥೆಗಳ ಆರಂಭಿಕ ಕೋರ್ಸು ಆ ಮಟ್ಟದ್ದೇ. ಒಬ್ಬರು ಕೊಟ್ಟ ಪ್ರಮಾಣಪತ್ರದ ಕಾರ್ಡನ್ನು ಇನ್ನೊಬ್ಬರ ಡೈವ್ ಸೆಂಟರ್ ಸಾಮಾನ್ಯವಾಗಿ ಒಪ್ಪುತ್ತದೆ. ಇದು ತಿಳಿದ ಮೇಲೆ ನಾನು ಹೆಸರಿನ ಚಿಂತೆ ಬಿಟ್ಟು, ನೀರಿನಲ್ಲಿ ನನ್ನ ಎದುರಿಗೆ ನಿಂತು ಕಲಿಸುವವರು ಯಾರು ಅಂತ ವಿಚಾರಿಸತೊಡಗಿದೆ.

ಅದಕ್ಕೂ ಮುಂಚೆ ಒಂದು ಸ್ಪಷ್ಟತೆ ಬೇಕು. ಇನ್‌ಸ್ಟ್ರಕ್ಟರ್ ಹಿಡಿದುಕೊಂಡು ಒಂದು ಸುತ್ತು ತೋರಿಸಿ ತರುವ ‘ಡಿಸ್ಕವರ್ ಸ್ಕೂಬಾ’ ಬರೀ ರುಚಿ ನೋಡುವುದಕ್ಕೆ, ಅದರಿಂದ ಪ್ರಮಾಣಪತ್ರ ಸಿಗುವುದಿಲ್ಲ. ಪ್ಯಾಡಿಯ ‘ಸ್ಕೂಬಾ ಡೈವರ್’ ಅರ್ಧ ದಾರಿ: 12 ಮೀಟರ್‌ವರೆಗೆ, ಅದೂ ವೃತ್ತಿಪರರ ಜೊತೆಗೇ. ‘ಓಪನ್ ವಾಟರ್ ಡೈವರ್’ ಮುಗಿಸಿದರೆ ಮಾತ್ರ ನಿಮ್ಮಂಥದೇ ಕಾರ್ಡಿರುವ ಜೊತೆಗಾರನೊಂದಿಗೆ 18 ಮೀಟರ್‌ವರೆಗೆ ಇಳಿಯಬಹುದು. ನನಗೆ ಬೇಕಿದ್ದದ್ದು ಇದೇ.

ಪ್ರತಿ ಕಡೆಯೂ ನಾನು ಕೇಳಿದ ಮೊದಲ ಪ್ರಶ್ನೆ, ಒಬ್ಬ ಇನ್‌ಸ್ಟ್ರಕ್ಟರಿಗೆ ಎಷ್ಟು ಜನ ಕಲಿಯುವವರು? ಪ್ಯಾಡಿ ನಿಯಮ ಸಮುದ್ರದಲ್ಲಿ ಎಂಟು ಜನರವರೆಗೆ ಬಿಡುತ್ತದೆ. ನನ್ನ ಮಟ್ಟಿಗೆ ಎಂಟು ತೀರಾ ಹೆಚ್ಚು. ನೀರು ಕಲಕಿದ್ದರೆ ಎಂಟು ಜನರ ಮೇಲೆ ಕಣ್ಣಿಡಲು ಯಾರಿಂದಲೂ ಆಗದು. ನಾಲ್ಕಕ್ಕಿಂತ ಹೆಚ್ಚು ಅಂದ ಕಡೆ ನಾನು ಮುಂದಕ್ಕೆ ಮಾತಾಡಲಿಲ್ಲ. ಎರಡನೆಯದು, ಈಜುಕೊಳದ ಅಭ್ಯಾಸ ಗಂಟೆ ಲೆಕ್ಕದ್ದೋ, ಕೈಗೆ ಹತ್ತುವವರೆಗೋ? ‘ಬೆಳಿಗ್ಗೆ ಒಂದೇ ಸಲಕ್ಕೆ ಎಲ್ಲಾ ಮುಗಿಸಿಬಿಡ್ತೀವಿ’ ಅಂತ ಒಂದು ಕಡೆ ಹೆಮ್ಮೆಯಿಂದ ಹೇಳಿದರು. ನಾನು ಕೊನೆಗೆ ಸೇರಿದ ಕಡೆಯ ಇನ್‌ಸ್ಟ್ರಕ್ಟರ್, ‘ಮಾಸ್ಕ್ ತೆಗೆದು ಹಾಕ್ಕೊಳ್ಳೋದು ನಿಮಗೆ ನಿರಾಳವಾಗೋ ತನಕ ನಾನು ಸಮುದ್ರಕ್ಕೆ ಕರ್ಕೊಂಡು ಹೋಗಲ್ಲ ನೋಡಿ’ ಅಂದರು. ಅವರ ದೋಣಿಯಲ್ಲಿ ತುರ್ತು ಆಮ್ಲಜನಕದ ಪೆಟ್ಟಿಗೆ ಇತ್ತು. ಸಿಲಿಂಡರಿನ ಗಾಳಿಯನ್ನು ಬಾಯಿಗೆ ತಲುಪಿಸುವ ರೆಗ್ಯುಲೇಟರ್ ಸರ್ವಿಸ್ ಆದ ದಿನಾಂಕ ಕೇಳಿದಾಗ ಪುಸ್ತಕ ತೆಗೆದು ತೋರಿಸಿದರು. ಅಷ್ಟು ಸಾಕಾಯಿತು.

ಹಣ ಕಟ್ಟುವ ಮೊದಲು ಆರೋಗ್ಯದ ಫಾರಂ ಕೇಳಿ ಪಡೆಯಿರಿ. ಆಸ್ತಮಾ, ಹೃದಯ, ಕಿವಿ, ಸೈನಸ್, ಇತ್ತೀಚಿನ ಶಸ್ತ್ರಚಿಕಿತ್ಸೆ ಇವೆಲ್ಲ ಅದರಲ್ಲಿವೆ. ಕೆಲವಕ್ಕೆ ‘ಹೌದು’ ಬಿದ್ದರೆ ವೈದ್ಯರ ಸಹಿ ಬೇಕೇ ಬೇಕು. ಚಿಕ್ಕಂದಿನಲ್ಲಿ ನನ್ನ ಕಿವಿ ಸೋರುತ್ತಿದ್ದದ್ದರಿಂದ ಇಎನ್‌ಟಿ ವೈದ್ಯರಿಗೆ ತೋರಿಸಿಯೇ ಮುಂದುವರಿದೆ. ಕಾರ್ಡಿನ ಆಸೆಗೆ ‘ಇಲ್ಲ’ ಅಂತ ಸುಳ್ಳು ಬರೆಯುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ.

ಪಾಠದ ಭಾಗವನ್ನು ಮನೆಯಲ್ಲೇ ಓದಿಕೊಳ್ಳಬಹುದು. ಪ್ಯಾಡಿಯ ಪರೀಕ್ಷೆಯಲ್ಲಿ 50 ಪ್ರಶ್ನೆ, ಶೇ 75 ಬಂದರೆ ಪಾಸು. ಮನಸ್ಸಿಗೆ ಇಳಿಯಬೇಕಾದದ್ದು ಒತ್ತಡದ ಲೆಕ್ಕ. ಹತ್ತು ಮೀಟರ್ ಇಳಿದರೆ ಒತ್ತಡ ಮೇಲಿನದರ ಎರಡರಷ್ಟು, ಅಲ್ಲಿ ಗಾಳಿಯ ಗಾತ್ರ ಅರ್ಧ. ಕಿವಿ ನೋಯುವುದು ಇದರಿಂದಲೇ. ಅಲ್ಲಿ ಎದೆ ತುಂಬ ಉಸಿರೆಳೆದು ಬಿಗಿಹಿಡಿದು ಮೇಲೆ ಬಂದರೆ ಅದೇ ಗಾಳಿ ಎರಡರಷ್ಟು ಹಿಗ್ಗಲು ನೋಡುತ್ತದೆ, ಶ್ವಾಸಕೋಶ ಹರಿಯಬಹುದು. ಉಸಿರು ಎಂದೂ ಹಿಡಿಯಬಾರದು ಅನ್ನುವ ಮೊದಲ ನಿಯಮದ ಹಿಂದೆ ಇರುವುದು ಇಷ್ಟೇ.

ಈಜಿನ ಪರೀಕ್ಷೆಗೆ ಹೆದರುವವರು ಬಹಳ. 200 ಮೀಟರ್ ಈಜಬೇಕು, ಯಾವ ಶೈಲಿಯಾದರೂ ಸರಿ, ಸಮಯದ ಮಿತಿಯಿಲ್ಲ. ಆಮೇಲೆ ಹತ್ತು ನಿಮಿಷ ತೇಲಬೇಕು. ನಿಧಾನಕ್ಕೆ ಮಾಡಿದರೆ ಆಗುತ್ತದೆ.

ನನಗೆ ಹೆಚ್ಚು ಹೊತ್ತು ಹಿಡಿದದ್ದು ಕಣ್ಣು-ಮೂಗು ಮುಚ್ಚುವ ಮಾಸ್ಕ್. ಅದರೊಳಗೆ ನೀರು ಬಿಟ್ಟುಕೊಂಡು, ನೀರಿನಡಿಯಲ್ಲೇ ಅದನ್ನು ಹೊರಹಾಕಬೇಕು. ವಿಧಾನ ಸರಳ: ಚೌಕಟ್ಟಿನ ಮೇಲಂಚನ್ನು ಹಣೆಗೆ ಒತ್ತಿ, ಮುಖವನ್ನು ತುಸು ಮೇಲೆತ್ತಿ, ಮೂಗಿನಿಂದ ಉದ್ದಕ್ಕೆ ಉಸಿರು ಬಿಡುವುದು. ಗಾಳಿ ಮೇಲೆ ಸೇರಿ ನೀರು ಕೆಳಗಂಚಿನಿಂದ ಹೊರಟುಹೋಗುತ್ತದೆ. ಕಷ್ಟವಿರುವುದು ಮೂಗಿಗೆ ನೀರು ತಾಗಿದ ಗಳಿಗೆಯಲ್ಲಿ. ಬಾಯಲ್ಲಿ ರೆಗ್ಯುಲೇಟರ್ ಇದ್ದು ಗಾಳಿ ಬೇಕಾದಷ್ಟು ಬರುತ್ತಿದ್ದರೂ ಮೂಗಿನಿಂದ ಎಳೆಯಲು ದೇಹ ಹಟ ಹಿಡಿಯುತ್ತದೆ. ಇನ್‌ಸ್ಟ್ರಕ್ಟರ್ ನನ್ನನ್ನು ಸೊಂಟದಷ್ಟು ನೀರಿನಲ್ಲಿ ನಿಲ್ಲಿಸಿ, ಮಾಸ್ಕೇ ಇಲ್ಲದೆ ಮುಖ ಮುಳುಗಿಸಿ ಬಾಯಿಂದ ಮಾತ್ರ ಉಸಿರಾಡಿಸಿದರು. ಮೊದಲು ಎದೆ ಡವಗುಟ್ಟಿತು, ಬರಬರುತ್ತಾ ಮೂಗಿನ ಕಡೆ ಗಮನವೇ ಹೋಗದಾಯಿತು. ಹಾಗಾದ ಮೇಲೆಯೇ ಆಳದ ಕಡೆ ಕರೆದೊಯ್ದರು. ಗಂಟೆ ಲೆಕ್ಕದ ಕೋರ್ಸಿನಲ್ಲಿ ಇಷ್ಟು ಹೊತ್ತು ಯಾರು ಕೊಡುತ್ತಾರೆ?

ಮುಳುಗದೆ, ಮೇಲೇಳದೆ ನೀರಿನ ನಡುವೆ ಹದವಾಗಿ ತೇಲುವುದನ್ನು ತಳದಲ್ಲಿ ಮಂಡಿಯೂರಿಸದೆ, ಮೊದಲಿನಿಂದಲೂ ಅಡ್ಡಲಾಗಿ ತೇಲಿಸಿಯೇ ಕಲಿಸಿದರು. ಬಿಸಿಡಿಗೆ, ಅಂದರೆ ಗಾಳಿ ತುಂಬಿ ತೇಲುವಿಕೆ ಹೊಂದಿಸಿಕೊಳ್ಳುವ ಜಾಕೆಟ್ಟಿಗೆ, ಸ್ವಲ್ಪ ಗಾಳಿ ಬಿಟ್ಟು ಕಾಯಬೇಕು. ಉಸಿರೆಳೆದೊಡನೆ ದೇಹ ಏಳುವುದಿಲ್ಲ, ಕ್ಷಣ ಬಿಟ್ಟು ಏಳುತ್ತದೆ. ಅಷ್ಟರಲ್ಲಿ ಆತುರಪಟ್ಟು ಇನ್ನಷ್ಟು ಗಾಳಿ ತುಂಬಿದರೆ ಮೇಲಕ್ಕೆ ಹಾರುತ್ತೀರಿ. ಇದು ಬಂದರೆ ಹವಳದ ಮೇಲೆ ಕಾಲಿಡುವ ಪ್ರಮೇಯವೇ ಬರುವುದಿಲ್ಲ.

ಸಮುದ್ರದಲ್ಲಿ ನಾಲ್ಕು ಡೈವ್, ಕನಿಷ್ಠ ಎರಡು ದಿನಕ್ಕೆ ಹಂಚಿ. ಕಿವಿಯ ಒತ್ತಡವನ್ನು ನೋವು ಬರುವ ಮುಂಚೆಯೇ ಸರಿಮಾಡಿಕೊಳ್ಳುತ್ತಾ ಇಳಿದೆ. ಕಿವಿ ತೆರೆಯದಿದ್ದಾಗ ಒಂದು ಮೀಟರ್ ಮೇಲೆ ಬಂದು ಮತ್ತೆ ಪ್ರಯತ್ನಿಸಿದೆ, ಇನ್‌ಸ್ಟ್ರಕ್ಟರ್ ಕೂಡ ನನ್ನ ಪಕ್ಕದಲ್ಲೇ ಕಾದರು. ಹೆಬ್ಬೆರಳು ಎತ್ತಿದರೆ ಅಲ್ಲಿ ‘ಮೇಲೆ ಹೋಗೋಣ’ ಅಂತ ಅರ್ಥ. ‘ಎಲ್ಲಾ ಸರಿಯಿದೆ’ ಅನ್ನಲು ಹೆಬ್ಬೆರಳು-ತೋರುಬೆರಳು ಜೋಡಿಸಿ ಉಂಗುರ ಮಾಡಬೇಕು. ಪ್ರತಿ ಸಲವೂ 5 ಮೀಟರ್‌ನಲ್ಲಿ 3 ನಿಮಿಷ ನಿಂತು, ಸಿಲಿಂಡರಿನಲ್ಲಿ ಕನಿಷ್ಠ 50 ಬಾರ್ ಒತ್ತಡದಷ್ಟು ಗಾಳಿ ಉಳಿದಿರುವಂತೆ ನೋಡಿಕೊಂಡು ಮೇಲೆ ಬಂದೆವು.

ವಾಪಸು ವಿಮಾನದಲ್ಲಿ ಹೋಗುವವರು ಕೊನೆಯ ಡೈವ್ ಆದ ಮೇಲೆ ಕನಿಷ್ಠ 18 ಗಂಟೆ ಬಿಟ್ಟು ಟಿಕೆಟ್ ಮಾಡಿಸಿ. ಪ್ಯಾಡಿ ಕಾರ್ಡಿಗೆ ಅವಧಿ ಅಂತ ಇಲ್ಲ, ಆದರೆ ಅಭ್ಯಾಸ ತಪ್ಪಿದರೆ ಮೊದಲು ಕೈಕೊಡುವುದು ಮಾಸ್ಕ್ ಮತ್ತು ತೇಲುವಿಕೆ. ಬಹಳ ಕಾಲ ನೀರಿಗಿಳಿಯದಿದ್ದಾಗ ನಾನು ಮತ್ತೆ ಈಜುಕೊಳದಿಂದಲೇ ಶುರುಮಾಡುತ್ತೇನೆ, ಇನ್‌ಸ್ಟ್ರಕ್ಟರ್ ಒಬ್ಬರನ್ನು ಪಕ್ಕದಲ್ಲಿಟ್ಟುಕೊಂಡು.