ಸದ್ದು ಒಂದು ಕಡೆ, ಸಡಿಲ ಇನ್ನೊಂದು ಕಡೆ

ಅಪ್ಪನ ಎಚ್‌ಎಂಟಿ ಪೈಲಟ್ ವಾಚಿಗೆ ಮೊದಲಿದ್ದದ್ದು ಚರ್ಮದ ಬೆಲ್ಟು. ನನ್ನ ಬೆವರಿಗೆ ಚರ್ಮ ಒಂದು ಬೇಸಿಗೆಯನ್ನೂ ದಾಟುವುದಿಲ್ಲವೆಂದು ಚಿಕ್ಕಪೇಟೆಯಿಂದ 350 ರೂಪಾಯಿಯ ಸ್ಟೀಲ್ ಚೈನ್ ತಂದು ಹಾಕಿಕೊಂಡೆ. ಮೂರನೆಯ ತಿಂಗಳು, ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿದು ನಿಂತಿದ್ದಾಗ ಚಾಲಕ ಬ್ರೇಕ್ ಒತ್ತಿದ ರಭಸಕ್ಕೆ ಚೈನ್ ಕಳಚಿಕೊಂಡಿತು. ವಾಚು ಹೋಗಿ ಬಿದ್ದದ್ದು ಅಜ್ಜಿಯೊಬ್ಬರ ಹೂವಿನ ಬುಟ್ಟಿಗೆ. ಸೇವಂತಿಗೆಯ ಪುಣ್ಯ, ಗಾಜಿಗೆ ಒಂದು ಗೀರೂ ಬೀಳಲಿಲ್ಲ.

ಆ ಚೈನ್ ಮೊದಲ ದಿನದಿಂದಲೂ ಗಲಗಲ ಎನ್ನುತ್ತಿತ್ತು. ಸದ್ದು ಬರುತ್ತಿದ್ದದ್ದು ವಾಚಿನ ಮೈಗೆ ತಾಗುವ ತುದಿಕೊಂಡಿಗಳಿಂದ. ಅವು ತೆಳು ತಗಡನ್ನು ಮಡಿಚಿ ಮಾಡಿದ ಪೊಳ್ಳು ತುಂಡುಗಳು. ಕೆಟ್ಟದ್ದು ಅಲ್ಲೇ ಎಂದು ತೀರ್ಮಾನಿಸಿ, ಮನೆಯಲ್ಲಿದ್ದ ತಕ್ಷಣ ಅಂಟುವ ಅಂಟನ್ನು ಆ ಪೊಳ್ಳಿನೊಳಗೆ ಸುರಿದೆ, ಅದೂ ವಾಚನ್ನು ಬಿಚ್ಚದೆ. ಬೆಳಿಗ್ಗೆ ಎದ್ದು ನೋಡಿದರೆ ಗಾಜಿನ ಅಂಚಿಗೆಲ್ಲ ವಿಭೂತಿ ಬಳಿದಂತೆ ಬಿಳಿ ಮಂಜು. ಅಂಟಿನ ಆವಿ ಕೂತದ್ದು ಅದು. ಮೊದಲ ಕೊಂಡಿ ಬೇರೆ ಅಲ್ಲಾಡದಂತೆ ಹಿಡಿದುಕೊಂಡಿತ್ತು. ಪೈಲಟಿನ ಗಾಜು ನಿಜವಾದ ಗಾಜಲ್ಲ, ಅಕ್ರಿಲಿಕ್. ಅದರ ಮೇಲೆ ಅಸಿಟೋನ್ ಬಿದ್ದರೆ ಮುಗಿಯಿತು. ಹಾಗಾಗಿ ಚೈನನ್ನು ಬೇರ್ಪಡಿಸಿ ಅದನ್ನು ಮಾತ್ರ ಅಸಿಟೋನಿನಲ್ಲಿ ನೆನೆಸಿದೆ. ಗಾಜನ್ನು ಬಿಳಿ ಟೂತ್‌ಪೇಸ್ಟ್ ಮತ್ತು ಹತ್ತಿ ಬಟ್ಟೆಯಿಂದ ಅರ್ಧ ಗಂಟೆ ಉಜ್ಜಿದ ಮೇಲೆ ಹೊಳಪು ಮರಳಿತು.

ಬಿಚ್ಚುವ ಕೆಲಸವನ್ನು ಈಗ ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಕೈಯಿಟ್ಟೇ ಮಾಡುತ್ತೇನೆ. ಚೈನನ್ನು ವಾಚಿಗೆ ಹಿಡಿದಿಡುವ ಸ್ಪ್ರಿಂಗ್ ಪಿನ್ ಒಮ್ಮೆ ಚಿಮ್ಮಿದರೆ ಮಂಚದ ಕೆಳಗೂ ಸಿಗುವುದಿಲ್ಲ. ನಮ್ಮ ಮನೆಯ ನೆಲ ಈಗಾಗಲೇ ಎರಡನ್ನು ನುಂಗಿದೆ.

ಎರಡನೆಯ ಸಲ ಎರಡು ಟ್ಯೂಬು ಕಲಸುವ ಎಪಾಕ್ಸಿ ತಂದೆ, ಐದು ನಿಮಿಷದ್ದಲ್ಲ, ನಿಧಾನವಾಗಿ ಗಟ್ಟಿಯಾಗುವಂಥದ್ದು. ತುದಿಕೊಂಡಿಯ ಒಳಭಾಗವನ್ನು ಸೂಜಿಯಿಂದ ಕೆರೆದು ಒರಟು ಮಾಡಿ, ಜಿಡ್ಡು ತೆಗೆದೆ. ಸ್ಪ್ರಿಂಗ್ ಪಿನ್ನಿಗೆ ವ್ಯಾಸಲೀನ್ ಸವರಿ ಅದರ ಜಾಗದಲ್ಲೇ ಕೂರಿಸಿದೆ. ಇಲ್ಲದಿದ್ದರೆ ತೂತು ಮುಚ್ಚಿಹೋಗುತ್ತದೆ. ಕಡ್ಡಿಪೊರಕೆಯ ಒಂದು ಕಡ್ಡಿಯಿಂದ ಎಪಾಕ್ಸಿಯನ್ನು ತಗಡಿನ ಬೆನ್ನಿಗಷ್ಟೇ ಒತ್ತಿ ತುಂಬಿದೆ. ಮೊದಲ ಕೊಂಡಿ ತಿರುಗಾಡುವ ನಡುವಿನ ಸಂದನ್ನು ಮುಟ್ಟಲಿಲ್ಲ. ಎಪಾಕ್ಸಿ ರಬ್ಬರಿನ ಹದಕ್ಕೆ ಬಂದಾಗ ಪಿನ್ನನ್ನು ಒಮ್ಮೆ ತಿರುಗಿಸಿ ಎಳೆದುಕೊಂಡು, ಚೈನನ್ನು ಒಂದು ಇಡೀ ದಿನ ಹಾಗೆಯೇ ಬಿಟ್ಟೆ. ಗಲಗಲ ನಿಂತಿತು.

ನಾಲ್ಕನೆಯ ದಿನ ಚೈನ್ ಮತ್ತೆ ಕಳಚಿತು. ಅಡುಗೆಮನೆಯಲ್ಲಿದ್ದೆ, ಕೈಯಲ್ಲೇ ಸಿಕ್ಕಿತು. ಆಗಲೇ ಕಣ್ಣು ತೆರೆದದ್ದು. ತುದಿಕೊಂಡಿ ಎರಡೂ ಭದ್ರವಾಗಿದ್ದವು, ಬಿಟ್ಟುಕೊಂಡದ್ದು ಲಾಕಿನ ಬದಿ. ಚೈನಿನ ಅಳತೆ ಹೊಂದಿಸಲು ಲಾಕಿನ ಪಕ್ಕೆಯಲ್ಲಿ ಸಾಲು ತೂತುಗಳಿರುತ್ತವೆಯಲ್ಲ, ಅಲ್ಲಿ ಕೂರುವ ಸ್ಪ್ರಿಂಗ್ ಪಿನ್ನಿನ ಮೊನೆ ತೀರಾ ಗಿಡ್ಡ, ಸ್ಪ್ರಿಂಗಿಗೂ ಬಲವಿಲ್ಲ. ನೇರ ಎಳೆದರೆ ತಡೆಯುತ್ತಿತ್ತು. ಮಣಿಕಟ್ಟು ತಿರುಚಿದಾಗ ಲಾಕಿನ ತಗಡಿನ ಪಕ್ಕೆ ಕೂದಲೆಳೆಯಷ್ಟು ಅಗಲಿ, ಮೊನೆ ಜಾರುತ್ತಿತ್ತು. ಬಸ್ಸಿನಲ್ಲೂ ಆದದ್ದು ಇದೇ. ಲಾಕು ಮಾತ್ರ ಒಂದು ದಿನವೂ ಸದ್ದು ಮಾಡಿರಲಿಲ್ಲ.

ಕೋಪದಲ್ಲಿ ಎಲ್ಲ ಕಡೆಗೂ 1.8 ಮಿಲಿಮೀಟರಿನ ದಪ್ಪ ಪಿನ್ ಹಾಕಿಬಿಡೋಣವೆಂದುಕೊಂಡೆ. ಲಾಕಿಗೆ ಹಾಕಿದೆ ಕೂಡ. ತಿರುಗುವ ಕೊಂಡಿಯ ತೂತನ್ನು ಕೈ ಡ್ರಿಲ್ಲಿನಿಂದ ತುಸು ಹಿಗ್ಗಿಸಬೇಕಾಯಿತು. ಲಾಕಿನ ಎರಡೂ ಪಕ್ಕೆಗಳನ್ನು ತೊಗಲು ಸುತ್ತಿದ ಇಕ್ಕಳದಿಂದ ಒಂದೇ ಸಲ, ನಿಧಾನವಾಗಿ ಒಳಕ್ಕೆ ಒತ್ತಿದೆ. ಸ್ಟೇನ್‌ಲೆಸ್ ಸ್ಟೀಲ್ ಬಗ್ಗಿಸಿದಷ್ಟೂ ಬಿರುಸಾಗುತ್ತದೆ, ನಾಲ್ಕಾರು ಸಲ ಆಟವಾಡಿದರೆ ಬಿರುಕು ಬಿಡುತ್ತದೆ.

ವಾಚಿನ ಬದಿಗೆ ಮಾತ್ರ ಆ ದಪ್ಪ ಪಿನ್ ಹಾಕುವ ಮೊದಲು ಕೈ ತಡೆಯಿತು. ಚೈನ್ ಎಲ್ಲಾದರೂ ಸಿಕ್ಕಿಹಾಕಿಕೊಂಡು ಜೋರಾಗಿ ಎಳೆದರೆ ಏನಾದರೂ ಒಂದು ಸೋಲಲೇಬೇಕು. ಪಿನ್ ಸೋಲದಿದ್ದರೆ ವಾಚಿನ ಮೈಯ ತೂತೇ ಹರಿಯುತ್ತದೆ. 1961ರಲ್ಲಿ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಎಚ್‌ಎಂಟಿಯ ವಾಚು ತಯಾರಿಕೆಯನ್ನು ಮುಚ್ಚಲು ಸರ್ಕಾರ 2016ರಲ್ಲಿ ಒಪ್ಪಿಯಾಗಿದೆ. ಅಪ್ಪನ ಪೈಲಟಿನ ಮೈ ಹರಿದರೆ ಹೊಸದನ್ನು ಯಾರು ಕೊಡುತ್ತಾರೆ? ಅಲ್ಲಿಗೆ 1.5 ಮಿಲಿಮೀಟರಿನದೇ ಸಾಕೆಂದು ನಿರ್ಧರಿಸಿದೆ. ಆದರೆ ಪಿನ್ನಿನ ಮೊನೆ ತೂತಿನೊಳಗೆ ಅಲ್ಲಾಡದಂತೆ ಸರಿಯಾಗಿ ಕೂರುವುದನ್ನೇ ಹುಡುಕಿದೆ. ಅಲ್ಲಾಡುವ ಮೊನೆ ದಿನವೂ ಉಜ್ಜಿ ಉಜ್ಜಿ ತೂತನ್ನು ಮೊಟ್ಟೆಯಾಕಾರ ಮಾಡುತ್ತದೆ. ಅಂಗಡಿಯವರು ಹತ್ತು ಪಿನ್ನುಗಳನ್ನು ಬಟ್ಟಲಿಗೆ ಸುರಿದು, "ಸಾರ್, ನೀವೇ ಆರಿಸಿಕೊಳ್ಳಿ" ಎಂದರು. ಏಳನೆಯದು ಸರಿಹೋಯಿತು.

ನಡುವಿನ ಕೊಂಡಿಗಳದ್ದು ಸುಲಭದ ಕೆಲಸ. ಅವುಗಳ ಸೀಳುಪಿನ್ನುಗಳಲ್ಲಿ ಎರಡು ತಾವಾಗಿಯೇ ಹೊರಬರುತ್ತಿದ್ದವು. ಸೀಳಿನಲ್ಲಿ ಬ್ಲೇಡಿನ ಮೂಲೆಯಿಟ್ಟು ಒಂದಿಷ್ಟು ಅಗಲಿಸಿ, ಕೊಂಡಿಯ ಒಳಬದಿಯ ಬಾಣದ ಗುರುತಿಗೆ ಎದುರಾಗಿ ಬಡಿದು ಕೂರಿಸಿದೆ. ಬಾಣ ತೋರಿಸುವುದು ಪಿನ್ ಹೊರಡುವ ದಾರಿಯನ್ನು. ಒಂದು ಕೊಂಡಿಯ ತೂತೇ ಸವೆದಿತ್ತು. ನನ್ನ ಮಣಿಕಟ್ಟು ಸಣ್ಣದೆಂದು ಮೊದಲೇ ತೆಗೆದಿಟ್ಟ ಐದು ಕೊಂಡಿಗಳಿದ್ದವು, ಅದರಲ್ಲೊಂದನ್ನು ಅಲ್ಲಿಗೆ ಸೇರಿಸಿದೆ.

ಇದೆಲ್ಲ ಆಗಿ ಹದಿನಾಲ್ಕು ತಿಂಗಳಾಯಿತು. ಎಡಬದಿಯ ತುದಿಕೊಂಡಿಯ ಎಪಾಕ್ಸಿ ಬೆವರಿಗೆ ಹಳದಿಯಾಗಿದೆ, ಬಿಟ್ಟುಕೊಂಡಿಲ್ಲ. ಉಳಿದ ನಾಲ್ಕು ಕೊಂಡಿಗಳೂ ಮೂರು ಪಿನ್ನುಗಳೂ ಹಳೆಯ ಅಮೃತಾಂಜನದ ಡಬ್ಬಿಯಲ್ಲಿವೆ.