ಪ್ಲೇಯರ್‌ಗೂ ಐಇಎಂಗೂ ಜೋಡಿ ಕೂಡಿಸುವುದು ಹೇಗೆ?

ದಾವಣಗೆರೆಯಲ್ಲಿ ಬ್ಲೂಟೂತ್ ಬಡ್ಸ್ ಯಾವ ಮೊಬೈಲ್ ಅಂಗಡಿಗೆ ಹೋದರೂ ಸಿಗುತ್ತವೆ. ಆದರೆ ಹೈ-ರೆಸ್ ಪ್ಲೇಯರ್‌ಗೆ (ಸಿಡಿಗಿಂತ ಹೆಚ್ಚು ವಿವರದ ಫೈಲನ್ನೂ ಹಾಡಿಸುವ ಪುಟ್ಟ ಸಾಧನ) ಒಳ್ಳೆ ಐಇಎಂ (ಕಿವಿಯೊಳಗೆ ಕೂರುವ ತಂತಿಯ ಇಯರ್‌ಫೋನ್) ಹಾಕಿ, ಕೇಳಿ ನೋಡಿ ತಗೊಳ್ತೀನಿ ಅಂದ್ರೆ ಕಷ್ಟ. ನಮ್ಮಲ್ಲಿ ಹೆಚ್ಚಿನವರು ಆನ್‌ಲೈನ್‌ನಲ್ಲೇ ತರಿಸಿಕೊಳ್ಳೋದು. ಹಾಗಾಗಿ ಬಾಕ್ಸ್ ಮೇಲಿನ ಅಂಕಿಗಳನ್ನು ಓದೋಕೆ ಬರಬೇಕು. ಅದು ಬಂದರೆ ಸಾಧಾರಣ ಬೆಲೆಯ ಜೋಡಿಯೂ ಚೆನ್ನಾಗಿ ಹಾಡುತ್ತದೆ, ಬರದಿದ್ದರೆ ಎರಡೂ ದುಬಾರಿ ತಗೊಂಡರೂ ಒಂದಕ್ಕೊಂದು ಹೊಂದದೇ ಹೋಗಬಹುದು.

ಅಂಕಿಗಿಂತ ಮೊದಲು ಟಿಪ್, ಅಂದರೆ ಕಿವಿಯೊಳಗೆ ಹೋಗುವ ಮೆತ್ತನೆ ತುದಿ. ಬಾಕ್ಸ್‌ನಲ್ಲಿ ಸಣ್ಣದು, ಮಧ್ಯಮ, ದೊಡ್ಡದು ಅಂತ ಮೂರು ಸೈಜ್ ಸಿಲಿಕೋನ್ ಟಿಪ್ ಬರುತ್ತವೆ. ಸುಮ್ನೆ ಹಾಕಿಕೊಂಡು ಬಂದಿರುವುದನ್ನೇ ಬಳಸಬೇಡಿ, ಮೂರನ್ನೂ ಹಾಕಿ ನೋಡಿ. ಎರಡು ಕಿವಿಗೆ ಬೇರೆ ಬೇರೆ ಸೈಜ್ ಬೇಕಾದರೂ ಆಶ್ಚರ್ಯ ಇಲ್ಲ. ತಬಲಾ ಇರುವ ಒಂದು ಹಾಡು ಹಾಕಿ ಡಗ್ಗದ ಮೇಲೆ ಕಿವಿ ಇಡಿ. ಐಇಎಂ ಅನ್ನು ಬೆರಳಲ್ಲಿ ಸ್ವಲ್ಪ ಒಳಗೆ ಒತ್ತಿದಾಗ ಡಗ್ಗದ ಗುಂಯ್ ಅನ್ನೋ ನಾದ ಒಮ್ಮೆಲೇ ತುಂಬಿಕೊಂಡರೆ ಟಿಪ್ ಸರಿಯಾಗಿ ಕೂತಿಲ್ಲ, ಗಾಳಿ ಸೋರುತ್ತಿದೆ ಅಂತ ಅರ್ಥ. ಬೇಸ್ ಕಡಿಮೆ ಅಂತ ಹೊಸ ಪ್ಲೇಯರ್ ಹುಡುಕುವವರು ಮೊದಲು ಇದನ್ನು ನೋಡಿದರೆ ಎಷ್ಟೋ ದುಡ್ಡು ಉಳಿಯುತ್ತದೆ.

ಈಗ ಔಟ್‌ಪುಟ್ ಇಂಪೀಡೆನ್ಸ್. ಇಂಪೀಡೆನ್ಸ್ ಅಂದರೆ ವಿದ್ಯುತ್ ಹರಿವಿಗೆ ಒಡ್ಡುವ ತಡೆ. ಇದು ಪ್ಲೇಯರ್‌ನ ಅಂಕಿ, ಓಮ್‌ನಲ್ಲಿ ಕೊಟ್ಟಿರುತ್ತಾರೆ, ಕಡಿಮೆ ಇದ್ದಷ್ಟೂ ಒಳ್ಳೆಯದು. ಐಇಎಂನ ಇಂಪೀಡೆನ್ಸ್‌ನ ಎಂಟನೇ ಒಂದು ಭಾಗಕ್ಕಿಂತ ಜಾಸ್ತಿ ಇರಬಾರದು ಅನ್ನೋದು ಎಲ್ಲರೂ ಹಿಡಿಯುವ ಲೆಕ್ಕ: 16 ಓಮ್ ಐಇಎಂಗೆ 2 ಓಮ್ ಒಳಗಿನ ಪ್ಲೇಯರ್. ಯಾಕೆ ಅಂದರೆ, ಹಲವು ಬ್ಯಾಲೆನ್ಸ್ಡ್ ಆರ್ಮೇಚರ್ ಡ್ರೈವರ್ (ಸದ್ದು ಹೊರಡಿಸುವ ಪುಟ್ಟ ಭಾಗದ ಒಂದು ಬಗೆ) ಇರುವ ಐಇಎಂಗಳ ಇಂಪೀಡೆನ್ಸ್ ಎಲ್ಲಾ ಸ್ವರಕ್ಕೂ ಒಂದೇ ಇರಲ್ಲ. ಕೆಳಗಿನ ಸ್ವರದಲ್ಲಿ 10 ಓಮ್, ಮೇಲಿನದರಲ್ಲಿ 40 ಓಮ್ ಇದೆ ಅಂದುಕೊಳ್ಳಿ. ಪ್ಲೇಯರ್ ಕಡೆ 10 ಓಮ್ ಇದ್ದರೆ ಕೆಳಗಿನ ಸ್ವರಕ್ಕೆ ಅರ್ಧ ವೋಲ್ಟೇಜ್ ಮಾತ್ರ ತಲುಪುತ್ತದೆ, ಮೇಲಿನದಕ್ಕೆ ಶೇ. 80. ಅಂದರೆ ಎರಡರ ನಡುವೆ ಸುಮಾರು 4 ಡೆಸಿಬಲ್ ವ್ಯತ್ಯಾಸ, ಹಾಡಿನ ಬಣ್ಣವೇ ಬದಲಾಗುತ್ತದೆ. ಅದೇ ಐಇಎಂ ಅನ್ನು 1 ಓಮ್ ಪ್ಲೇಯರ್‌ಗೆ ಹಾಕಿದರೆ ವ್ಯತ್ಯಾಸ ಸುಮಾರು 0.6 ಡೆಸಿಬಲ್‌ಗೆ ಇಳಿಯುತ್ತದೆ. ಮಾಮೂಲಿ ಸ್ಪೀಕರ್‌ನಂಥ ಒಂದೇ ಡೈನಾಮಿಕ್ ಡ್ರೈವರ್ ಇರುವುದಕ್ಕೆ, ಚಪ್ಪಟೆ ಪೊರೆಯ ಪ್ಲೇನಾರ್ ಡ್ರೈವರ್‌ನದಕ್ಕೆ ಈ ತೊಂದರೆ ಬಹಳ ಕಡಿಮೆ, ಅವುಗಳ ಇಂಪೀಡೆನ್ಸ್ ಅಷ್ಟೊಂದು ಏರಿಳಿಯಲ್ಲ.

ಇನ್ನು ಸೆನ್ಸಿಟಿವಿಟಿ. ಒಂದು ಮಿಲಿವ್ಯಾಟ್ ಕೊಟ್ಟರೆ ಎಷ್ಟು ಡೆಸಿಬಲ್ ಬರುತ್ತದೆ ಅನ್ನೋ ಲೆಕ್ಕ ಇದು. ಪ್ರತಿ 10 ಡೆಸಿಬಲ್ ಏರಿಸೋಕೆ ಹತ್ತು ಪಟ್ಟು ಪವರ್ ಬೇಕು. 105 ಡೆಸಿಬಲ್‌ನ ಐಇಎಂ 1 ಮಿಲಿವ್ಯಾಟ್‌ನಲ್ಲಿ ಮಾಡುವ ಸದ್ದನ್ನು 95 ಡೆಸಿಬಲ್‌ನದು ಮಾಡಬೇಕಾದರೆ 10 ಮಿಲಿವ್ಯಾಟ್ ಬೇಕು. ಇಷ್ಟನ್ನು ಬಹುತೇಕ ಪ್ಲೇಯರ್‌ಗಳು ಆರಾಮಾಗಿ ಕೊಡುತ್ತವೆ, ಹಾಗಾಗಿ ನೂರಾರು ಮಿಲಿವ್ಯಾಟ್ ಅನ್ನೋ ಜಾಹೀರಾತಿಗೆ ಮರುಳಾಗಬೇಡಿ. ಒಂದು ಕಡೆ ಮಾತ್ರ ಎಚ್ಚರ ಬೇಕು: ಕೆಲವರು ಮಿಲಿವ್ಯಾಟ್ ಬದಲು ಒಂದು ವೋಲ್ಟ್‌ಗೆ ಎಷ್ಟು ಡೆಸಿಬಲ್ ಅಂತ ಬರೆದಿರುತ್ತಾರೆ. ಆ ಅಂಕಿ ದೊಡ್ಡದಾಗಿ ಕಾಣುತ್ತದೆ, ಅಷ್ಟೇ. 16 ಓಮ್ ಐಇಎಂ ಆದರೆ ಅದರಿಂದ 18 ಕಳೆಯಿರಿ, 32 ಓಮ್ ಆದರೆ 15 ಕಳೆಯಿರಿ, ಆಮೇಲೆ ಹೋಲಿಸಿ.

ಸೆನ್ಸಿಟಿವಿಟಿ ತೀರಾ ಜಾಸ್ತಿ ಇದ್ದರೂ ಕಾಟವೇ. ರಾತ್ರಿ ಮನೆ ಸದ್ದಡಗಿದ ಮೇಲೆ ಮೆಲುದನಿಯ ಹಾಡೊಂದು ಹಾಕಿ, ಹಾಡಿನ ಹಿಂದೆ ಸಣ್ಣಗೆ ಸ್ಸ್ಸ್ ಅಂತ ಕೇಳಿಸಿದರೆ ಅದು ಪ್ಲೇಯರ್‌ನ ಆಂಪ್ಲಿಫೈಯರ್‌ನದೇ ಇರಬಹುದು. ಗೇನ್ (ಆಂಪ್ಲಿಫೈಯರ್ ಸದ್ದನ್ನು ಎಷ್ಟು ಹಿಗ್ಗಿಸಬೇಕು ಅನ್ನೋ ಸೆಟ್ಟಿಂಗ್) ಅನ್ನು ಲೋಗೆ ಇಳಿಸಿ ಮತ್ತೆ ಕೇಳಿ, ವಾಲ್ಯೂಮ್ ಸೊನ್ನೆ ಮಾಡಿದರೂ ಇದ್ದರೆ ಆ ಜೋಡಿ ಬೇಡ. ಐಇಎಂಗಳಿಗೆ ಯಾವಾಗಲೂ ಲೋ ಗೇನ್‌ನಿಂದಲೇ ಶುರು ಮಾಡಿ, ಸದ್ದು ಸಾಲದಿದ್ದರೆ ಮಾತ್ರ ಏರಿಸಿ.

ಜ್ಯಾಕ್ ವಿಷಯದಲ್ಲಿ ದಯವಿಟ್ಟು ಗಮನ ಕೊಡಿ, ಇಲ್ಲಿ ತಪ್ಪಿದರೆ ಪ್ಲೇಯರೇ ಹಾಳಾಗಬಹುದು. ಪ್ಲೇಯರ್‌ಗಳಲ್ಲಿ ಮಾಮೂಲಿ 3.5 ಮಿ.ಮೀ. ತೂತಿನ ಜೊತೆ 4.4 ಮಿ.ಮೀ. ಬ್ಯಾಲೆನ್ಸ್ಡ್ ತೂತೂ ಇರುತ್ತದೆ, ಹಳೆಯವುಗಳಲ್ಲಿ 2.5. ಬ್ಯಾಲೆನ್ಸ್ಡ್‌ನಲ್ಲಿ ಎಡ ಬಲ ಎರಡರ ಮೈನಸ್ ತಂತಿ ಬೇರೆ ಬೇರೆ ಇರುತ್ತವೆ, 3.5ರಲ್ಲಿ ಎರಡೂ ಒಂದೇ ಕಡೆ ಸೇರಿರುತ್ತವೆ. 3.5ರ ಕೇಬಲ್ ಅನ್ನು ಅಡಾಪ್ಟರ್ ಹಾಕಿ 4.4 ತೂತಿಗೆ ಸಿಕ್ಕಿಸಿದರೆ ಆಂಪ್ಲಿಫೈಯರ್‌ನ ಎರಡು ಔಟ್‌ಪುಟ್‌ಗಳು ಒಂದಕ್ಕೊಂದು ತಾಗಿ ಶಾರ್ಟ್ ಆಗುತ್ತವೆ. ಉಲ್ಟಾ ಆದರೆ, ಅಂದರೆ 4.4 ಕೇಬಲ್ ಅನ್ನು 3.5 ತೂತಿಗೆ ಅಡಾಪ್ಟರ್ ಮೂಲಕ ಹಾಕಿದರೆ, ಏನೂ ಆಗಲ್ಲ. ಬ್ಯಾಲೆನ್ಸ್ಡ್‌ನಲ್ಲಿ ಪವರ್ ಜಾಸ್ತಿ ಸಿಗುತ್ತದೆ, ನಿಜ, ಆದರೆ ಔಟ್‌ಪುಟ್ ಇಂಪೀಡೆನ್ಸೂ ಸಾಮಾನ್ಯವಾಗಿ ದುಪ್ಪಟ್ಟಾಗುತ್ತದೆ. ಸುಲಭವಾಗಿ ಹಾಡುವ ಐಇಎಂಗೆ 3.5 ಧಾರಾಳ ಸಾಕು. ಕೇಬಲ್ ಬದಲಾಯಿಸುವುದಾದರೆ ಐಇಎಂ ಕಡೆಯ ಕನೆಕ್ಟರ್ 0.78 ಮಿ.ಮೀ. ಟೂ-ಪಿನ್ನಾ (ಎರಡು ಕಡ್ಡಿಯದು), ಎಂಎಂಸಿಎಕ್ಸಾ (ದುಂಡಗಿನದು) ಅಂತ ನೋಡಿಕೊಂಡೇ ತರಿಸಿ.

ಫೈಲ್ ಬಗ್ಗೆ ಜಾಸ್ತಿ ಹೇಳಲ್ಲ. ಸಿಡಿ ಗುಣಮಟ್ಟ ಅಂದರೆ 16 ಬಿಟ್, 44.1 ಕಿಲೋಹರ್ಟ್ಸ್, ಅಷ್ಟು ಇದ್ದರೆ ಫ್ಲ್ಯಾಕ್ (ಗುಣ ಕಳೆಯದೆ ಕುಗ್ಗಿಸಿದ ಹಾಡಿನ ಫೈಲ್) ಚೆನ್ನಾಗೇ ಕೇಳಿಸುತ್ತದೆ. ವೃತ್ತಿರಂಗಭೂಮಿ ಬೆಳೆದ ಊರು ನಮ್ಮದು, ಮನೆಯಲ್ಲಿ ಹಳೇ ರಂಗಗೀತೆ ಕ್ಯಾಸೆಟ್ ಇದ್ದರೆ ಖಂಡಿತ ಫೈಲ್ ಮಾಡಿ ಇಟ್ಟುಕೊಳ್ಳಿ, ಆದರೆ ಅದಕ್ಕೆ 192 ಕಿಲೋಹರ್ಟ್ಸ್ ಬೇಡ, ಟೇಪಿನಲ್ಲಿ ಇಲ್ಲದ್ದು ಫೈಲಿನಲ್ಲಿ ಬರಲ್ಲ. ಹೈ-ರೆಸ್ ಫೈಲ್ ಇದ್ದಾಗ ತಂತಿಯಲ್ಲೇ ಕೇಳಿ: 24 ಬಿಟ್, 96 ಕಿಲೋಹರ್ಟ್ಸ್ ಸ್ಟೀರಿಯೋಗೆ ಸೆಕೆಂಡಿಗೆ 4,608 ಕಿಲೋಬಿಟ್ ಬೇಕು, ಬ್ಲೂಟೂತ್‌ನಲ್ಲಿ ಹಾಡನ್ನು ಕುಗ್ಗಿಸಿ ಕಳಿಸುವ ಎಲ್‌ಡ್ಯಾಕ್ ವಿಧಾನ ಹೆಚ್ಚೆಂದರೆ 990 ಸಾಗಿಸುತ್ತದೆ.

ಜೋಡಿ ಕೂಡಿಸಿದ ಮೇಲೆ ಮನೆಯಲ್ಲಿ ಒಮ್ಮೆ, ಬಸ್ಸಿನಲ್ಲಿ ಒಮ್ಮೆ ಕೇಳಿ. ಚಿತ್ರದುರ್ಗಕ್ಕೆ ಹೋಗುವ ಬಸ್ಸಿನಲ್ಲಿ ಇಂಜಿನ್ ಗುಡುಗು ಮೊದಲು ನುಂಗುವುದೇ ಬೇಸ್ ಅನ್ನು. ಆಗ ವಾಲ್ಯೂಮ್ ಏರಿಸೋದು ಎಲ್ಲರ ಅಭ್ಯಾಸ, ಆದರೆ ಅದರ ಬದಲು ಫೋಮ್ ಟಿಪ್ ಹಾಕಿ: ಬೆರಳಲ್ಲಿ ಹೊಸೆದು ಸಣ್ಣ ಮಾಡಿ, ಕಿವಿಯಲ್ಲಿಟ್ಟು, ಉಬ್ಬುವ ತನಕ ಹಿಡಿದುಕೊಳ್ಳಿ. ಹೊರಗಿನ ಸದ್ದು ಚೆನ್ನಾಗಿ ಕಡಿಮೆಯಾಗುತ್ತದೆ, ಮೊದಲಿನ ವಾಲ್ಯೂಮೇ ಸಾಕಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ 80 ಡೆಸಿಬಲ್‌ನಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು, 90 ಆದರೆ ಬರೀ 4 ಗಂಟೆ. ದಿನಾ ಬಸ್ಸಿನಲ್ಲಿ ಓಡಾಡುವವರಿಗೆ ಈ ವ್ಯತ್ಯಾಸ ದೊಡ್ಡದು, ಅಲ್ವಾ?

ನಮ್ಮ ಬೇಸಿಗೆಯಲ್ಲಿ ಕಿವಿ ಬೆವರುತ್ತದೆ. ಕೇಳಿದ ಮೇಲೆ ಟಿಪ್ ಮತ್ತು ನಳಿಗೆಯ ಜಾಲರಿ ಒಣ ಬಟ್ಟೆಯಲ್ಲಿ ಒರೆಸಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಡಬ್ಬಿಯಲ್ಲಿಡಿ. ಒಂದು ಕಡೆ ಸದ್ದು ಕಡಿಮೆ ಅನಿಸಿದರೆ ಜಾಲರಿಯಲ್ಲಿ ಗುಗ್ಗೆ ಕಟ್ಟಿದೆಯಾ ಮೊದಲು ನೋಡಿ. ಆಮೇಲೆ ಐಇಎಂ ಕಡೆಯ ಕೇಬಲ್ ತುದಿಗಳನ್ನು ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಅದಲುಬದಲು ಮಾಡಿ: ತೊಂದರೆ ಇನ್ನೊಂದು ಕಿವಿಗೆ ಹೋದರೆ ತಪ್ಪು ಕೇಬಲ್ಲಿನದೋ ಪ್ಲೇಯರ್‌ನದೋ ಇರುತ್ತದೆ, ಅಲ್ಲೇ ಉಳಿದರೆ ಐಇಎಂನದು.